ಬಿಪಿ, ಶುಗರ್‌ಗೂ ಪಿಂಚಣಿಯೇ?

“ಗಡಿಯಲ್ಲಿ ಗುಂಡು ತಿಂದವನಿಗೆ ಎಷ್ಟು ಕೊಟ್ಟರೂ ಕಡಿಮೆಯೇ. ಆದರೆ ಬಿಪಿ ಬಂತು, ಶುಗರ್ ಬಂತು ಅಂತ ಜೀವನವಿಡೀ ಅಂಗವೈಕಲ್ಯ ಪಿಂಚಣಿ ಎಣಿಸುವುದು ಯಾವ ನ್ಯಾಯ?” ಈ ಮಾತನ್ನು ಈಚಿನ ವರ್ಷಗಳಲ್ಲಿ ಬೇರೆ ಬೇರೆಯವರ ಬಾಯಲ್ಲಿ ಕೇಳಿದ್ದೇನೆ. ಆಡಿದವರಲ್ಲಿ ಯಾರೂ ಸೈನ್ಯವನ್ನು ಹಗುರವಾಗಿ ಕಾಣುವವರಲ್ಲ. ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರು, ಧ್ವಜ ದಿನದ ದೇಣಿಗೆಯನ್ನು ಒಂದು ವರ್ಷವೂ ತಪ್ಪಿಸದವರು. ಇನ್ನೊಬ್ಬರು ಸ್ವತಃ ಮಾಜಿ ಸುಬೇದಾರ್. ಕಾಲು ಕಳೆದುಕೊಂಡ ತಮ್ಮ ಜೊತೆಗಾರನನ್ನು ನೆನೆದು, “ಅವನನ್ನೂ ಶುಗರ್ ಮಾತ್ರೆ ನುಂಗುವವನನ್ನೂ ಒಂದೇ ತಕ್ಕಡಿಗೆ ಹಾಕಿಬಿಟ್ರಲ್ಲ ಸಾರ್” ಎಂದು ನೊಂದುಕೊಂಡವರು.

ಇಂಥವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ, ಸರಿಯೂ ಅಲ್ಲ. ಆದರೂ ನನಗೆ ಆ ಮಾತಿನ ಎರಡು ಅರ್ಧಗಳಲ್ಲೂ ತಕರಾರಿದೆ. ಎರಡನೆಯ ಅರ್ಧದಲ್ಲಿ ಇರುವ ಅನುಮಾನ ಎಲ್ಲರಿಗೂ ಕಾಣುತ್ತದೆ. ಮೊದಲನೆಯ ಅರ್ಧ, ಅಂದರೆ ‘ಎಷ್ಟು ಕೊಟ್ಟರೂ ಕಡಿಮೆ’ ಎಂಬ ಉದಾರವಾದ ಅರ್ಧ, ನನ್ನ ಪ್ರಕಾರ ಸೈನಿಕನಿಗೆ ಅದಕ್ಕಿಂತ ಹೆಚ್ಚು ಹಾನಿ ಮಾಡಿದೆ.

ಮೊದಲು ಲೆಕ್ಕ ನೋಡೋಣ. ಇದರಲ್ಲಿ ಅರ್ಧ ಜಗಳ ಲೆಕ್ಕ ಗೊತ್ತಿಲ್ಲದೆ ಹುಟ್ಟಿದ್ದು.

ವೈದ್ಯಕೀಯ ಕಾರಣಕ್ಕೆ ಸೇವೆಯಿಂದ ಹೊರಬಿದ್ದ, ಅಂದರೆ ಫೌಜಿಗಳ ಮಾತಿನಲ್ಲಿ ‘ಬೋರ್ಡ್ ಔಟ್’ ಆದ ಸೈನಿಕನ ಪಿಂಚಣಿಯಲ್ಲಿ ಎರಡು ಪಾಲು. ಒಂದು ಸೇವೆಯದು, ಇನ್ನೊಂದು ಅಂಗವೈಕಲ್ಯದ್ದು. ಎರಡನೆಯದು ಸಿಗಬೇಕಾದರೆ ವೈಕಲ್ಯ ಶೇ. 20ಕ್ಕೆ ಕಡಿಮೆ ಇರಬಾರದು. ಜೊತೆಗೆ ಅದು ಸೇವೆಯಿಂದ ಬಂದದ್ದಾಗಿರಬೇಕು, ಇಲ್ಲವೇ ಸೇವೆಯಿಂದ ಉಲ್ಬಣಿಸಿದ್ದಾಗಿರಬೇಕು. ಶೇ. 100 ವೈಕಲ್ಯಕ್ಕೆ ಕೊನೆಯ ಸಂಬಳದ ಶೇ. 30ರಷ್ಟು ಹಣ, ಕಡಿಮೆಯಿದ್ದರೆ ಅದೇ ಅನುಪಾತದಲ್ಲಿ ಕಡಿಮೆ. ಐದನೇ ವೇತನ ಆಯೋಗದ ನಂತರ ಇದಕ್ಕೊಂದು ರಿಯಾಯಿತಿ ಸೇರಿತು: 50ಕ್ಕಿಂತ ಕೆಳಗಿನದನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, ಅದಕ್ಕೆ ಮೇಲ್ಪಟ್ಟದ್ದನ್ನು 100 ಎಂದೂ ಎಣಿಸುವುದು. ಮೊದಲು ಇದು ಬೋರ್ಡ್ ಔಟ್ ಆದವರಿಗೆ ಮಾತ್ರ ಎಂದು ಸರ್ಕಾರ ಹಿಡಿದ ಪಟ್ಟು 2014ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿತ್ತು. ಪೂರ್ತಿ ಸೇವೆ ಮುಗಿಸಿ ವೈಕಲ್ಯದೊಂದಿಗೆ ನಿವೃತ್ತರಾದವರಿಗೂ ಅನ್ವಯವಾಯಿತು.

ಇನ್ನು ಶತ್ರುವಿನ ಗುಂಡಿಗೆ ಸಿಕ್ಕವರ ಲೆಕ್ಕವೇ ಬೇರೆ. 2001ರ ಜನವರಿಯ ಸರ್ಕಾರಿ ಆದೇಶ ಸಾವು-ವೈಕಲ್ಯಗಳನ್ನು ಎ ಇಂದ ಇ ವರೆಗೆ ಐದು ವರ್ಗ ಮಾಡಿದೆ. ಸೇವೆಗೆ ಸಂಬಂಧವಿಲ್ಲದ ಸಹಜ ಕಾರಣ ‘ಎ’ಯಲ್ಲಿ, ಸೇವೆಯಿಂದ ಬಂದ ಕಾಯಿಲೆ ‘ಬಿ’ಯಲ್ಲಿ, ಕರ್ತವ್ಯದ ಮೇಲಿನ ಅಪಘಾತ ‘ಸಿ’ಯಲ್ಲಿ, ಯುದ್ಧದ ಗಾಯ ‘ಇ’ಯಲ್ಲಿ. ಯುದ್ಧಗಾಯದ ಪಿಂಚಣಿಯ ದರ ಸಾಮಾನ್ಯ ಅಂಗವೈಕಲ್ಯದ ದರಕ್ಕಿಂತ ಬಹಳ ಮೇಲಿದೆ. ಸುಬೇದಾರರ ಜೊತೆಗಾರನನ್ನೂ ಶುಗರ್ ಮಾತ್ರೆಯವನನ್ನೂ ಯಾರೂ ಒಂದೇ ತಕ್ಕಡಿಗೆ ಹಾಕಿಲ್ಲ. ತಕ್ಕಡಿಗಳು ಮೊದಲಿಂದಲೂ ಬೇರೆಯೇ ಇವೆ.

ಈಗ ಆ ಉದಾರವಾದ ಅರ್ಧಕ್ಕೆ ಬರುತ್ತೇನೆ.

ಕನ್ನಡ ನಾಡಿನ ಯಾವ ಊರಿಗೆ ಹೋದರೂ ಹೊಲದ ಬದುವಿನಲ್ಲೋ ಗುಡಿಯ ಅಂಗಳದಲ್ಲೋ ಒಂದು ವೀರಗಲ್ಲು ಸಿಗುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸ. ಸತ್ತವನ ಮನೆಯವರಿಗೆ ನೆತ್ತರುಗೊಡಗೆ ಎಂದು ಭೂಮಿ ಬಿಟ್ಟದ್ದನ್ನೂ ಶಾಸನಗಳು ಹೇಳುತ್ತವೆ. ಸುಂದರವಾದ ಪದ್ಧತಿ. ಆದರೆ ಆ ಕಲ್ಲುಗಳ ಶಿಲ್ಪದಲ್ಲಿ ತುಂಡಾದ ಕೈ ಹಿಡಿದುಕೊಂಡು ಮನೆಗೆ ಮರಳಿ, ಮುಂದೆ ಮೂವತ್ತು ವರ್ಷ ಬದುಕಿದವನಿಗೆ ಜಾಗವಿಲ್ಲ. ಪರಾಕ್ರಮದ ಕಥೆಗೆ ಒಂದು ಕೊನೆ ಬೇಕು. ವಿಕಲಾಂಗನ ಬದುಕು ಕೊನೆಯಿಲ್ಲದೆ ಎಳೆಯುತ್ತ ಹೋಗುತ್ತದೆ.

ನಮ್ಮ ಕೃತಜ್ಞತೆ ಇವತ್ತಿಗೂ ಕಥೆಯನ್ನೇ ಕೇಳುತ್ತದೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಪಾತದಡಿ ಆರು ದಿನ ಹೂತುಹೋಗಿ ಜೀವಂತ ಸಿಕ್ಕಿದ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ ಇಡೀ ಕರ್ನಾಟಕ ದೇವರಿಗೆ ಹರಕೆ ಹೊತ್ತಿತು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಹೆಸರು ಆ ಒಂದು ವಾರದಲ್ಲಿ ಎಲ್ಲರಿಗೂ ಗೊತ್ತಾಯಿತು. ಅವರು ಬದುಕಲಿಲ್ಲ; ಅವರಿಗೆ ಸಿಕ್ಕ ಗೌರವ ಎಳ್ಳಿನಷ್ಟೂ ಹೆಚ್ಚಾಯಿತು ಎನ್ನುವಂತಿಲ್ಲ. ಆದರೆ ಅದೇ ಹಿಮನದಿಯಿಂದ ಇನ್ನೊಬ್ಬ ಸೈನಿಕ ಮೂರ್ಛೆರೋಗ ತಗುಲಿಸಿಕೊಂಡು ಇಳಿದಿದ್ದ. 1985ರಲ್ಲಿ ಸಂಪೂರ್ಣ ಆರೋಗ್ಯವಂತ ಎಂದು ಸೇರಿಸಿಕೊಂಡ ಸೈನ್ಯ ಅವನನ್ನು 1989ರಲ್ಲಿ ಮನೆಗೆ ಕಳಿಸಿತು. ಕಾಯಿಲೆ ಸೇವೆಗೆ ಸಂಬಂಧಿಸಿದ್ದಲ್ಲ, ವೈಕಲ್ಯ ಶೇ. 20ಕ್ಕೂ ಕಡಿಮೆ ಎಂದು ಬರೆದುಕೊಟ್ಟಿತು. ಸುಪ್ರೀಂ ಕೋರ್ಟು ಅವನಿಗೆ ಪಿಂಚಣಿ ಕೊಡಿ ಎಂದದ್ದು 2025ರ ಏಪ್ರಿಲ್‌ನಲ್ಲಿ. ಮೂವತ್ತಾರು ವರ್ಷ. ಅವನಿಗೆ ಯಾರೂ ಹರಕೆ ಹೊರಲಿಲ್ಲ, ಯಾಕೆಂದರೆ ಫಿಟ್ಸ್ ಬಂದು ಬ್ಯಾರಕ್ಕಿನ ನೆಲದ ಮೇಲೆ ಬೀಳುವುದರಲ್ಲಿ ಕಥೆಯಿಲ್ಲ.

ಕೃತಜ್ಞತೆಯನ್ನು ಅಡಿಪಾಯ ಮಾಡಿಕೊಂಡರೆ ಆಗುವುದು ಇದೇ. ಕೊಡುವವನು ದಾನಿಯಾಗುತ್ತಾನೆ, ಕೇಳುವವನು ತನ್ನ ಯೋಗ್ಯತೆ ತೋರಿಸಬೇಕಾಗುತ್ತದೆ. ವೀರನೋ ಅಲ್ಲವೋ ಎಂಬ ಪ್ರಶ್ನೆ ಹಿಂಬಾಗಿಲಿನಿಂದ ಒಳಗೆ ಬರುತ್ತದೆ.

ಕೆಜಿಎಫ್ ಗಣಿಯ ಆಳದಲ್ಲಿ ಕಲ್ಲಿನ ಧೂಳು ಕುಡಿದು ಸಿಲಿಕೋಸಿಸ್ ತಂದುಕೊಂಡ ಕಾರ್ಮಿಕನನ್ನು ಯಾರಾದರೂ ‘ನೀನೆಷ್ಟು ಧೈರ್ಯವಂತ’ ಎಂದು ಕೇಳಿದರೇ? ಹತ್ತಿ ಗಿರಣಿಯಲ್ಲಿ ನಾರಿನ ದೂಳು ಸೇವಿಸಿ ಎದೆ ಕಟ್ಟಿದವನನ್ನು ‘ದೇಶಕ್ಕಾಗಿ ಏನು ಮಾಡಿದೆ’ ಎಂದು ಕೇಳಿದರೇ? ಅಲ್ಲಿ ಕೇಳಿದ್ದು ಒಂದೇ: ಕೆಲಸ ಕೊಟ್ಟವರಾರು, ಕೆಲಸದಿಂದ ಬಂತೇ? 1923ರ ಕಾರ್ಮಿಕ ಪರಿಹಾರ ಕಾಯಿದೆ ಅಷ್ಟಕ್ಕೆ ತೃಪ್ತಿಪಟ್ಟಿತು. ಅದರ ಒಂದು ಅನುಸೂಚಿಯಲ್ಲಿ ಹೆಬ್ಬೆರಳು ಹೋದರೆ ಶೇ. 30 ಎಂಬಂಥ ನಿರ್ಭಾವುಕ ಪಟ್ಟಿ, ಇನ್ನೊಂದರಲ್ಲಿ ಯಾವ ಉದ್ಯೋಗಕ್ಕೆ ಯಾವ ಕಾಯಿಲೆ ಎಂಬ ಪಟ್ಟಿ. ಓದಲು ನೀರಸ. ಆದರೆ ಮಾಲೀಕನ ಮನಸ್ಸಿನ ದೊಡ್ಡತನವನ್ನು ಅದು ಎಲ್ಲೂ ನೆಚ್ಚಿಕೊಂಡಿಲ್ಲ. ಆ ಕಾಯಿದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟವರಲ್ಲಿ ಸಶಸ್ತ್ರ ಪಡೆಗಳವರು ಸೇರಿದ್ದರು. ಗಿರಣಿ ಕೂಲಿಗೆ ಹಕ್ಕಾದದ್ದು ಸಿಪಾಯಿಗೆ ಪ್ರತ್ಯೇಕ ನಿಯಮಗಳ ಕೃಪೆಯಾಯಿತು. ನಾವು ಕೃಪೆಯ ಮೊತ್ತ ಹೆಚ್ಚಿಸಿ ಎನ್ನುತ್ತಿದ್ದೇವೆಯೇ ಹೊರತು ಅದನ್ನು ಸಾಲವೆಂದು ಬರೆದುಕೊಳ್ಳಿ ಎನ್ನುತ್ತಿಲ್ಲ.

ಎಷ್ಟು ಕೊಟ್ಟರೂ ಕಡಿಮೆ ಎನ್ನುವವರಿಗೆ ಎಷ್ಟು ಕೊಡುತ್ತಿದ್ದೇವೆಂದು ಕೇಳಿದರೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಒಂದೇ ಒಂದು ಸಂಖ್ಯೆ ಹೇಳುತ್ತೇನೆ. ಬೆನ್ನುಹುರಿ ಜಖಂ ಆಗಿ ಶೇ. 100 ವೈಕಲ್ಯದಲ್ಲಿ ಮಲಗಿದವರಿಗೆ, ಸದಾ ಯಾರಾದರೂ ಪಕ್ಕದಲ್ಲಿ ಇರಲೇಬೇಕಾದ್ದರಿಂದ, ಆರೈಕೆ ಭತ್ಯೆ ಎಂದು ಕೊಡುವ ಪದ್ಧತಿಯಿದೆ. ಏಳನೇ ವೇತನ ಆಯೋಗದ ನಂತರ ಅದಕ್ಕೆ ಮೊದಲು ನಿಗದಿಯಾದ ದರ ತಿಂಗಳಿಗೆ 6,750 ರೂಪಾಯಿ ಆಗಿತ್ತು. ಪಕ್ಕದಲ್ಲಿ ಇರುವವಳು ಹೆಚ್ಚಿನ ಮನೆಗಳಲ್ಲಿ ಹೆಂಡತಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ರಾತ್ರಿಯೂ ಎರಡು ಗಂಟೆಗೊಮ್ಮೆಯೇ. ಆ ದರದಲ್ಲಿ ದಿನಕ್ಕೆ 225 ರೂಪಾಯಿ.

ಇನ್ನು ಬಿಪಿ, ಶುಗರ್.

ನನ್ನ ಬ್ಯಾಂಕ್ ಮ್ಯಾನೇಜರ್ ಗೆಳೆಯರ ವಾದ ಸರಳ: ‘ನನಗೂ ಶುಗರ್ ಇದೆ, ನಾನು ಯಾವ ಹಿಮನದಿಯನ್ನೂ ಕಾಯಲಿಲ್ಲ.’ ನಿಜ. ಕಾಯಿಲೆ ನಾಗರಿಕರಿಗೂ ಬರುತ್ತದೆ. ಆದರೆ ಇಲ್ಲಿ ತೀರ್ಮಾನವಾಗಬೇಕಾದ್ದು ಅದಲ್ಲ. ಕಾರಣ ಖಚಿತವಾಗಿ ಗೊತ್ತಾಗದ ಕಡೆ ಅನುಮಾನದ ಭಾರ ಯಾರ ಹೆಗಲ ಮೇಲೆ ಎಂಬುದು ತೀರ್ಮಾನವಾಗಬೇಕು.

1982ರ ಅರ್ಹತಾ ನಿಯಮಗಳು ಇದಕ್ಕೆ ಕೊಟ್ಟಿದ್ದ ಉತ್ತರ ತುಂಬ ಹದವಾಗಿತ್ತು. ಸೇರುವಾಗ ಸೈನ್ಯವೇ ತಪಾಸಣೆ ಮಾಡಿ, ಹಲ್ಲಿನಿಂದ ಪಾದದವರೆಗೆ ನೋಡಿ, ದೋಷವಿದ್ದರೆ ಬರೆದಿಡುತ್ತದೆ. ಏನೂ ಬರೆಯದಿದ್ದರೆ ಹುಡುಗ ಆರೋಗ್ಯವಂತನೆಂದೇ ಅರ್ಥ. ಆಮೇಲೆ ಬಂದ ಕಾಯಿಲೆ ಸಾಮಾನ್ಯವಾಗಿ ಸೇವೆಯಲ್ಲಿ ಬಂದದ್ದೆಂದೇ ಭಾವಿಸಬೇಕು. ಅಲ್ಲವೆನ್ನುವುದಾದರೆ ಮೆಡಿಕಲ್ ಬೋರ್ಡು ಕಾರಣ ಕೊಡಬೇಕು. ಸೈನಿಕ ಸಾಬೀತು ಮಾಡಬೇಕಿಲ್ಲ, ಸಂಶಯದ ಲಾಭ ಅವನಿಗೆ. ಇದರಲ್ಲಿ ಭಾವುಕತೆ ಇಲ್ಲ. ದಾಖಲೆಗಳೆಲ್ಲ ಯಾರ ಬೀರುವಿನಲ್ಲಿವೆ? ಎಲ್ಲಿ ಮಲಗಬೇಕು, ಯಾವಾಗ ಏಳಬೇಕು, ಏನು ತಿನ್ನಬೇಕು, ಯಾವ ಎತ್ತರದಲ್ಲಿ ಎಷ್ಟು ತಿಂಗಳು ಇರಬೇಕು ಎಂದು ನಿರ್ಧರಿಸಿದವರಾರು? ಹದಿನೆಂಟರ ಹುಡುಗನನ್ನು ಒಯ್ದು ಮೂವತ್ತೈದರಲ್ಲಿ ವಾಪಸು ಕಳಿಸುವಾಗ ನಡುವಿನ ಹದಿನೇಳು ವರ್ಷದ ಜವಾಬು ಒಯ್ದವರೇ ಹೇಳಬೇಕು.

1985ರಲ್ಲಿ ಸೈನ್ಯದ ಸಿಗ್ನಲ್ಸ್ ವಿಭಾಗ ಸೇರಿ 1994ರಲ್ಲಿ ಮೂರ್ಛೆರೋಗದ ಕಾರಣಕ್ಕೆ ಹೊರಬಿದ್ದ ಸಿಪಾಯಿಯ ಪ್ರಕರಣ, ಧರಮ್‌ವೀರ್ ಸಿಂಗ್ ಪ್ರಕರಣವೆಂದು ಕಾನೂನಿನವರೆಲ್ಲ ಬಲ್ಲದ್ದು, 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಗಿ ಈ ನಿಯಮಗಳಿಗೆ ಗಟ್ಟಿ ದನಿ ಕೊಟ್ಟಿತು. ಬೋರ್ಡು ಸೇವೆಗೆ ಸಂಬಂಧವಿಲ್ಲ ಎಂದಷ್ಟೇ ಬರೆದಿತ್ತು, ಯಾಕೆಂದು ಬರೆದಿರಲಿಲ್ಲ. ಕಾರಣವಿಲ್ಲದ ಅಭಿಪ್ರಾಯ ಸಾಲದು ಎಂದಿತು ಕೋರ್ಟು.

ಬೋರ್ಡಿನವರು ಈಗ ಕಾರಣ ಬರೆಯುತ್ತಾರೆ. ಎಂಥ ಕಾರಣ? ಆರ್ಟಿಲರಿಯ ಒಬ್ಬ ಮಾಜಿ ಹವಾಲ್ದಾರರು ತಮ್ಮ ಕಾಗದ ನನಗೆ ತೋರಿಸಿದ್ದರು. ಲ್ಯಾಮಿನೇಟ್ ಮಾಡಿಸಿ, ಪಿಂಚಣಿ ಆದೇಶ (ಪಿಪಿಒ) ಮತ್ತು ಡಿಸ್ಚಾರ್ಜ್ ಬುಕ್ಕಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡಿದ್ದರು. ಕಾಯಿಲೆ: ಪ್ರೈಮರಿ ಹೈಪರ್‌ಟೆನ್ಷನ್. ಪ್ರಮಾಣ: ಶೇ. 30, ಜೀವನಪರ್ಯಂತ. ಸೇವೆಯಿಂದ ಬಂದದ್ದೇ? ಇಲ್ಲ. ಸೇವೆಯಿಂದ ಉಲ್ಬಣಿಸಿದ್ದೇ? ಇಲ್ಲ. ಕಾರಣದ ಅಂಕಣದಲ್ಲಿ ಒಂದೇ ಸಾಲು: ಪೀಸ್ ಸ್ಟೇಷನ್‌ನಲ್ಲಿ ಇದ್ದಾಗ ಆರಂಭ. ಅಂದರೆ ಗಡಿಯಲ್ಲಲ್ಲ, ಶಾಂತಿಯ ಊರಿನಲ್ಲಿ ಶುರುವಾದ್ದರಿಂದ ಸೈನ್ಯ ಜವಾಬ್ದಾರಿಯಲ್ಲ.

ಅವರು ನಕ್ಕರು. “ಬಿಪಿ ಶುರುವಾಗಿದ್ದು ಪೀಸ್ ಸ್ಟೇಷನ್ನಲ್ಲಿ ಅಲ್ಲ ಸಾರ್. ಅಲ್ಲಿ ಅಳತೆ ಮಾಡಿದ್ರು, ಅಷ್ಟೇ. ಮೇಲೆ ಪೋಸ್ಟಿನಲ್ಲಿ ಯಾರು ಪಟ್ಟಿ ಕಟ್ಟಿ ನೋಡ್ತಾರೆ?”

ಇನ್ನೊಂದು ಮಾತನ್ನೂ ಅವರು ಹೇಳಿದರು. ದುರುಪಯೋಗದ ಚರ್ಚೆ ಮಾಡುವವರು ಇದನ್ನು ಗಮನಿಸಿದಂತಿಲ್ಲ. ಸೇವೆಯಲ್ಲಿದ್ದಾಗ ಕಾಯಿಲೆ ಹೇಳಿಕೊಂಡರೆ ಲೋ ಮೆಡಿಕಲ್ ಕ್ಯಾಟಗರಿ. ಪೂರ್ಣ ಆರೋಗ್ಯದ ‘ಶೇಪ್ ಒನ್’ ದರ್ಜೆ ಹೋಯಿತೆಂದರೆ ನಾಯಕ್‌ನಿಂದ ಹವಾಲ್ದಾರ್ ಆಗುವ ದಾರಿ ಇಕ್ಕಟ್ಟು. ಹಾಗಾಗಿ ಜವಾನರು ತಲೆಸುತ್ತನ್ನು ಮುಚ್ಚಿಡುತ್ತಾರೆ, ಮಂಡಿನೋವಿಗೆ ಕ್ಯಾಂಟೀನಿನ ಮುಲಾಮು ಹಚ್ಚಿಕೊಂಡು ಓಡುತ್ತಾರೆ. ಕೊನೆಯ ವರ್ಷ ಬಿಡುಗಡೆಯ ತಪಾಸಣೆಗೆ ಹೋದಾಗ ಎಲ್ಲ ಒಟ್ಟಿಗೆ ಹೊರಬರುತ್ತದೆ. ಕಾಗದದ ಮೇಲೆ ನೋಡುವವನಿಗೆ ಇದು ಮೋಸದಂತೆ ಕಾಣುವುದು ಸಹಜ: ಹದಿನಾರು ವರ್ಷ ಏನೂ ಇರಲಿಲ್ಲ, ಮನೆಗೆ ಹೊರಟಾಗ ಮಾತ್ರ ಕಾಯಿಲೆ!

ಅಮೆರಿಕದವರು ಇದೇ ಗಂಟನ್ನು ಬಿಚ್ಚಿದ ರೀತಿ ನೋಡಿ. ವಿಯೆಟ್ನಾಂನಲ್ಲಿ ಏಜೆಂಟ್ ಆರೆಂಜ್ ರಾಸಾಯನಿಕಕ್ಕೆ ಒಡ್ಡಿಕೊಂಡವರಿಗೆ ಟೈಪ್ 2 ಶುಗರ್ ಬಂದರೆ ಸೇವೆಯಿಂದಲೇ ಬಂದದ್ದೆಂದು 2001ರಲ್ಲೇ ಒಪ್ಪಿಕೊಂಡರು. 2022ರ ಪ್ಯಾಕ್ಟ್ ಕಾಯಿದೆ ಆ ಪಟ್ಟಿಗೆ ಅಧಿಕ ರಕ್ತದೊತ್ತಡವನ್ನೂ ಸೇರಿಸಿತು. ಪ್ರತಿಯೊಬ್ಬ ಮುದುಕನನ್ನೂ ಕರೆಸಿ ‘ನಿನ್ನ ಬಿಪಿ ಆ ವಿಷದಿಂದಲೋ ಉಪ್ಪಿನಕಾಯಿಯಿಂದಲೋ’ ಎಂದು ವಿಚಾರಿಸಲಿಲ್ಲ. ಅಲ್ಲಿ ನಿರ್ದಿಷ್ಟ ರಾಸಾಯನಿಕವಿತ್ತು, ಇಲ್ಲಿಲ್ಲ, ಆ ವ್ಯತ್ಯಾಸ ಇದ್ದೇ ಇದೆ. ಆದರೂ ಯುದ್ಧ ಮುಗಿದು ಅರ್ಧ ಶತಮಾನವಾಗುತ್ತ ಬಂದಾಗ ಅನುಮಾನದ ಭಾರವನ್ನು ಸರ್ಕಾರ ತನ್ನ ಹೆಗಲಿಗೆ ಎಳೆದುಕೊಂಡಿತು.

ಹಾಗಾದರೆ ದುರುಪಯೋಗವೇ ಇಲ್ಲವೇ? ಇದೆ. ಇಲ್ಲಿ ನಾನು ಮಾಜಿ ಸೈನಿಕರ ಸಂಘಟನೆಗಳ ಜೊತೆಯೂ ಜಗಳ ತೆಗೆಯಬೇಕಾಗುತ್ತದೆ.

ಅಂಗವೈಕಲ್ಯ ಪಿಂಚಣಿಯೊಂದಿಗೆ ನಿವೃತ್ತರಾಗುವವರ ಪ್ರಮಾಣ ಜವಾನರಿಗಿಂತ ಅಧಿಕಾರಿಗಳಲ್ಲಿ ಬಹಳ ಹೆಚ್ಚು ಎಂದು ಮಹಾಲೇಖಪಾಲರು (ಸಿಎಜಿ) 2023ರಲ್ಲಿ ಎತ್ತಿ ತೋರಿಸಿದರು. ಅದಕ್ಕೂ ಮೊದಲೇ ಏಳನೇ ವೇತನ ಆಯೋಗ ಹಿರಿಯ ಅಧಿಕಾರಿಗಳಲ್ಲಿ ಈ ಏರಿಕೆಯನ್ನು ಗುರುತಿಸಿತ್ತು. ಬಂಕರಿನಲ್ಲಿ ಮಲಗುವವನಿಗಿಂತ ಹೆಡ್‌ಕ್ವಾರ್ಟರ್ಸಿನಲ್ಲಿ ಕೂರುವವನಿಗೆ ಸೇವೆಯಿಂದ ಹೆಚ್ಚು ಪೆಟ್ಟಾಗುತ್ತದೆ ಎಂದು ನಂಬುವುದು ಕಷ್ಟ. ಕಾರಣ ಲೆಕ್ಕದಲ್ಲೇ ಇದೆ. ಕೊನೆಯ ಸಂಬಳ 40,000 ಇದ್ದ ಹವಾಲ್ದಾರ, 2 ಲಕ್ಷ ಇದ್ದ ಕರ್ನಲ್, ಇಬ್ಬರಿಗೂ ಒಂದೇ ಬಿಪಿ, ಇಬ್ಬರದೂ ಶೇ. 30 ಎಂದಿಟ್ಟುಕೊಳ್ಳಿ. ಪಿಂಚಣಿ ಮಂಜೂರಾದರೆ 30 ಎಂಬುದು 50 ಆಗುತ್ತದೆ. ಹವಾಲ್ದಾರನಿಗೆ ತಿಂಗಳಿಗೆ 6,000, ಕರ್ನಲ್‌ಗೆ 30,000, ಮೇಲೆ ತುಟ್ಟಿಭತ್ಯೆ ಬೇರೆ. ಪ್ರಮೋಷನ್ನಿನ ಬಾಗಿಲು ಮುಚ್ಚಿದ ಹಿರಿಯ ಅಧಿಕಾರಿಗೆ ಕಾಯಿಲೆ ಮುಚ್ಚಿಡುವ ಅಗತ್ಯವೂ ಉಳಿದಿರುವುದಿಲ್ಲ. ಕೆಳಗಿನವನಿಗೆ ಮುಚ್ಚಿಡುವುದರಲ್ಲಿ ಲಾಭ, ಮೇಲಿನವನಿಗೆ ಹೇಳಿಕೊಳ್ಳುವುದರಲ್ಲಿ ಲಾಭ.

ಏಳನೇ ಆಯೋಗ ಇದಕ್ಕೆ ಸೂಚಿಸಿದ್ದು ಶೇಕಡಾವಾರು ಬಿಟ್ಟು ನಿಗದಿತ ಮೊತ್ತ ಕೊಡುವುದನ್ನು. ಶೇ. 100 ವೈಕಲ್ಯಕ್ಕೆ ಅಧಿಕಾರಿಗಳಿಗೆ 27,000, ಸುಬೇದಾರ್ ಮಟ್ಟದ ಜೆಸಿಒಗಳಿಗೆ 17,000, ಜವಾನರಿಗೆ 12,000. ದೊಡ್ಡ ಗದ್ದಲವಾಯಿತು. ಸಿವಿಲ್ ನೌಕರರಿಗೆ ಶೇಕಡಾವಾರು ಉಳಿಸಿ ಸೈನಿಕರಿಗೆ ಮಾತ್ರ ನಿಗದಿತ ಮೊತ್ತವೇ ಎಂಬ ಆಕ್ಷೇಪ ಪೂರ್ತಿ ನ್ಯಾಯವಾದದ್ದು. ಸರ್ಕಾರ 2017ರಲ್ಲಿ ಹಿಂದೆ ಸರಿಯಿತು, ಎಲ್ಲರೂ ಗೆದ್ದೆವೆಂದರು. ನನಗೆ ಮಾತ್ರ ಆ ಗೆಲುವಿನಲ್ಲಿ ಜವಾನ ಗೆದ್ದದ್ದು ಕಾಣಲಿಲ್ಲ. ಮೊಣಕಾಲ ಕೆಳಗೆ ಕಾಲು ಹೋದರೆ ಕರ್ನಲ್‌ಗೂ ಸಿಪಾಯಿಗೂ ಹೋಗುವುದು ಒಂದೊಂದೇ ಕಾಲು. ಇಬ್ಬರ ಸೇವೆಯ ಪಿಂಚಣಿ ಅವರವರ ಸಂಬಳದ ಮೇಲೆ ನಿಲ್ಲಲಿ, ಒಪ್ಪುತ್ತೇನೆ. ಆದರೆ ದೇಹಕ್ಕಾದ ನಷ್ಟದ ಬೆಲೆ ಭುಜದ ಮೇಲಿನ ನಕ್ಷತ್ರ ಎಣಿಸಿ ಕಟ್ಟುವುದಲ್ಲ. ನಿಜ ಹೇಳಬೇಕೆಂದರೆ ಕೈಯಿಂದ ದುಡಿದು ತಿನ್ನಬೇಕಾದ ಸಿಪಾಯಿಗೆ ನಷ್ಟವೇ ಹೆಚ್ಚು. ಕರ್ನಲ್‌ಗೆ ಯಾವುದೋ ಕಂಪನಿಯಲ್ಲಿ ಕುರ್ಚಿ ಸಿಗುತ್ತದೆ. ಆಯೋಗದ ಪಟ್ಟಿಯೂ ಮೂರು ಬಗೆಯ ಕಾಲುಗಳನ್ನು ಎಣಿಸಿತ್ತೆಂಬುದು ಬೇರೆ ಮಾತು. ಎಲ್ಲರಿಗೂ ಒಂದೇ ಮೊತ್ತ, ಅದೂ ಅಧಿಕಾರಿಗಳಿಗೆ ಹೇಳಿದ ಆ 27,000ದ ಮಟ್ಟದಲ್ಲಿ ಇಟ್ಟಿದ್ದರೆ ಜವಾನನಿಗೆ ಹೆಚ್ಚು ಸಿಗುತ್ತಿತ್ತು, ಮೇಲಿನವರ ಆಸೆಗೂ ಕಡಿವಾಣ ಬೀಳುತ್ತಿತ್ತು. ಈ ಬೇಡಿಕೆಯನ್ನು ಯಾವ ವೇದಿಕೆಯಲ್ಲೂ ನಾನು ಕೇಳಲಿಲ್ಲ. ವೇದಿಕೆಯ ಮೇಲೆ ಕೂತವರು ಯಾರೆಂದು ನೋಡಿದರೆ ಆಶ್ಚರ್ಯವೂ ಆಗುವುದಿಲ್ಲ.

ಸರ್ಕಾರ ಹಿಡಿದ ದಾರಿ ಬೇರೆ. ಮೊತ್ತದ ಸೂತ್ರಕ್ಕೆ ಕೈ ಹಚ್ಚದೆ ಅರ್ಹತೆಯ ಬಾಗಿಲನ್ನು ಕಿರಿದು ಮಾಡಿತು. 2023ರ ಸೆಪ್ಟೆಂಬರ್‌ನಲ್ಲಿ ಹೊಸ ಅರ್ಹತಾ ನಿಯಮಗಳು, ಹೊಸ ವೈದ್ಯಕೀಯ ಮಾರ್ಗದರ್ಶಿ ಬಂದವು. ದುರುಪಯೋಗ ತಡೆಯುವುದಕ್ಕೆಂದು ಸಮರ್ಥನೆ. ನೆಗಡಿ ಬಂತೆಂದು ಮೂಗು ಕೊಯ್ದದ್ದಾಯಿತು, ಅದೂ ನೆಗಡಿ ಬಂದವನದ್ದಲ್ಲ. ಬಾಗಿಲು ಕಿರಿದಾದರೆ ವಕೀಲರನ್ನು ಇಟ್ಟುಕೊಳ್ಳಬಲ್ಲ ಕರ್ನಲ್ ಹೇಗೋ ನುಸುಳುತ್ತಾರೆ, ಸಿಕ್ಕಿಬೀಳುವುದು ಹವಾಲ್ದಾರ.

ವಕೀಲರ ಮಾತು ಬಂತಲ್ಲ. ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2009ರಲ್ಲಿ ಶುರುವಾದಾಗ ಇನ್ನು ಕೋರ್ಟಿನ ಅಲೆದಾಟ ತಪ್ಪಿತೆಂದು ಭಾವಿಸಿದ್ದರು. ಬೆಂಗಳೂರಿನಲ್ಲಿ ಅದಕ್ಕೆ ಕಾಯಂ ಪೀಠವಿಲ್ಲ. ದಕ್ಷಿಣದಲ್ಲಿರುವುದು ಚೆನ್ನೈ ಮತ್ತು ಕೊಚ್ಚಿಯಲ್ಲಿ. ಗದಗದ ಹಳ್ಳಿಯ ಮಾಜಿ ನಾಯಕ್ ಒಬ್ಬರಿಗೆ ಇದರ ಅರ್ಥ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹೇಗೋ ಗೆದ್ದರೂ ಮುಗಿಯುವುದಿಲ್ಲ, ಸರ್ಕಾರ ಮೇಲ್ಮನವಿ ಹಾಕುತ್ತದೆ. ರಕ್ಷಣಾ ಸಚಿವರಾಗಿದ್ದ ಮನೋಹರ್ ಪರಿಕ್ಕರ್ 2015ರಲ್ಲಿ ಇಂಥ ವ್ಯಾಜ್ಯಗಳನ್ನು ಕಡಿಮೆ ಮಾಡಲೆಂದೇ ತಜ್ಞರ ಸಮಿತಿ ನೇಮಿಸಿದ್ದರು. ಕಾರ್ಗಿಲ್ ಯುದ್ಧದ ವೇಳೆ ಕಾಲು ಕಳೆದುಕೊಂಡು ಕೃತಕ ಕಾಲಿನಲ್ಲಿ ಹಾಫ್ ಮ್ಯಾರಥಾನ್ ಓಡಿದ ಮೇಜರ್ ಡಿ.ಪಿ. ಸಿಂಗ್ ಅದರಲ್ಲಿದ್ದರು. ಅಂಗವೈಕಲ್ಯದ ಪ್ರಕರಣಗಳಲ್ಲಿ ಇಲಾಖೆಯ ಮೇಲ್ಮನವಿಯ ಚಾಳಿಯನ್ನು ಆ ವರದಿ ಕಟುವಾಗಿಯೇ ಟೀಕಿಸಿತು. ಹತ್ತು ವರ್ಷವಾದ ಮೇಲೆ, 2025ರ ಜುಲೈನಲ್ಲಿ, ನ್ಯಾಯಮಂಡಳಿ ಕೊಟ್ಟ ಪಿಂಚಣಿಗಳ ವಿರುದ್ಧ ಕೇಂದ್ರ ಹಾಕಿದ್ದ ಸುಮಾರು 300 ಅರ್ಜಿಗಳನ್ನು ದೆಹಲಿ ಹೈಕೋರ್ಟು ಒಟ್ಟಿಗೆ ವಜಾ ಮಾಡಿತು. ಒಂದು ಇಲಾಖೆ, ಒಂದೇ ಬಗೆಯ ಜಗಳ, ಮುನ್ನೂರು ಅರ್ಜಿ.

ಕೋರ್ಟುಗಳೂ ಸದಾ ಒಂದೇ ದಿಕ್ಕಿನಲ್ಲಿಲ್ಲ ಎಂಬುದನ್ನು ಹೇಳಲೇಬೇಕು. ಸ್ಕಿಜೋಫ್ರೇನಿಯಾ ಬಂದ ಸೈನಿಕನೊಬ್ಬ 2019ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ. ವೈದ್ಯರ ಬೋರ್ಡಿನ ಮಾತಿಗೆ ಬೆಲೆ ಕೊಡಬೇಕು ಎಂದಾಯಿತು. ಅದೇ ಕಾಯಿಲೆಯ ಇನ್ನೊಬ್ಬ 2025ರಲ್ಲಿ ಗೆದ್ದ. ಬೋರ್ಡು ಕಾರಣ ಕೊಟ್ಟಿಲ್ಲ ಎಂದಾಯಿತು. ಗೆದ್ದವರ ಕೈಗೆ ಬರುವುದೂ ಪೂರ್ತಿಯಲ್ಲ. ತಡವಾಗಿ ಕೋರ್ಟಿಗೆ ಬಂದರೆ ಹಿಂಬಾಕಿ ಅರ್ಜಿ ಹಾಕುವ ಮುಂಚಿನ ಮೂರು ವರ್ಷಕ್ಕೆ ಸೀಮಿತ ಎಂದು 2008ರ ತೀರ್ಪೊಂದು ಹೇಳಿದ್ದನ್ನು ಇಲಾಖೆ ಬಿಡದೆ ಹಿಡಿದುಕೊಂಡಿದೆ. ಕಾಗದ ಓದಲು ಬಾರದೆ ಹದಿನೈದು ವರ್ಷ ಸುಮ್ಮನಿದ್ದವನು ಹನ್ನೆರಡು ವರ್ಷದ್ದನ್ನು ಕಳೆದುಕೊಂಡಂತೆ.

ಅನುಮಾನ ಒಮ್ಮೆ ಒಳಗೆ ಬಂದರೆ ಎಲ್ಲಿಯವರೆಗೆ ಹೋಗುತ್ತದೆಂದು ನೋಡಬೇಕಾದರೆ ಎರಡು ಪ್ರಸಂಗಗಳಿವೆ. ರಜೆ ಮೇಲೆ ಊರಿಗೆ ಹೊರಟ ಸೈನಿಕನೊಬ್ಬ ಜೋಧ್‌ಪುರದಲ್ಲಿ ರೈಲಿನಿಂದ ಇಳಿಯುವಾಗ ಬಿದ್ದು ಕೈ ಕಳೆದುಕೊಂಡ. ಅವನು ಟಿಕೆಟನ್ನು ಸ್ವಂತ ಹಣದಲ್ಲಿ ತೆಗೆದಿದ್ದ, ಸರ್ಕಾರಿ ಖರ್ಚಿನಲ್ಲಿ ಅಲ್ಲ. ಆದ್ದರಿಂದ ಕರ್ತವ್ಯದ ಮೇಲಿರಲಿಲ್ಲ ಎಂದು ಪಿಂಚಣಿ ನಿರಾಕರಣೆ. 1999ರಲ್ಲಿ ಸುಪ್ರೀಂ ಕೋರ್ಟು ಈ ವಾದವನ್ನು ಒಪ್ಪಲಿಲ್ಲ. ಇಲ್ಲದಿದ್ದರೆ ಒಂದೇ ಬೋಗಿಯಿಂದ ಬಿದ್ದ ಇಬ್ಬರಲ್ಲಿ ಸರ್ಕಾರಿ ಪ್ರಯಾಣದ ವಾರಂಟು ಇದ್ದವನ ಕೈಗೆ ಬೆಲೆ, ಟಿಕೆಟು ಕೊಂಡವನ ಕೈಗೆ ಇಲ್ಲ. ಇನ್ನೊಂದು, 2019ರ ಜೂನ್‌ನಲ್ಲಿ ನೇರ ತೆರಿಗೆ ಮಂಡಳಿ ಹೊರಡಿಸಿದ ಸುತ್ತೋಲೆ. ಅಂಗವೈಕಲ್ಯ ಪಿಂಚಣಿಗೆ ತೆರಿಗೆ ವಿನಾಯಿತಿ ಬೋರ್ಡ್ ಔಟ್ ಆದವರಿಗೆ ಮಾತ್ರ, ಪೂರ್ತಿ ಸೇವೆ ಮುಗಿಸಿದವರಿಗೆ ಇಲ್ಲ. ದುರುಪಯೋಗದ ಚಿಂತೆಯಿಂದಲೇ ಹುಟ್ಟಿದ್ದು. 1971ರ ಯುದ್ಧದಲ್ಲಿ ಜಖಂಗೊಂಡ ತನ್ನ ಕಾಲನ್ನು ತಾನೇ ಖುಕ್ರಿಯಿಂದ ಕತ್ತರಿಸಿಕೊಂಡು, ಮರದ ಕಾಲಿನಲ್ಲೇ ಬೆಟಾಲಿಯನ್ ನಡೆಸಿ ಮೇಜರ್ ಜನರಲ್ ಆದ ಇಯಾನ್ ಕಾರ್ಡೋಜೊ ಅವರನ್ನು ನಾವೆಲ್ಲ ಕೊಂಡಾಡುತ್ತೇವೆ. ಸುತ್ತೋಲೆಯ ತರ್ಕದ ಪ್ರಕಾರ ಅವರಂಥವರು ಮಾಡಿದ ತಪ್ಪು ಮನೆಗೆ ಹೋಗದೆ ಕೆಲಸದಲ್ಲಿ ಉಳಿದದ್ದು.

ಅಗ್ನಿವೀರರ ವಿಷಯದಲ್ಲಿ ಪಿಂಚಣಿಯ ಪ್ರಶ್ನೆಯೇ ಹೋಯಿತು. 2022ರ ಯೋಜನೆಯಲ್ಲಿ ಸೇವೆಯಿಂದ ಬಂದ ವೈಕಲ್ಯಕ್ಕೆ ಒಂದೇ ಬಾರಿ 44, 25 ಅಥವಾ 15 ಲಕ್ಷ, ಪ್ರಮಾಣ 100, 75, 50 ಎಂದು ನೋಡಿಕೊಂಡು. ಇಪ್ಪತ್ತೊಂದರ ಹುಡುಗನ ಖಾತೆಗೆ 15 ಲಕ್ಷ ಬಂದರೆ ಊರಿನಲ್ಲಿ ದೊಡ್ಡ ಮೊತ್ತವೆಂದೇ ಮಾತಾಗುತ್ತದೆ. ಐವತ್ತು ವರ್ಷಕ್ಕೆ ಹಂಚಿದರೆ ತಿಂಗಳಿಗೆ 2,500 ರೂಪಾಯಿ. ಬಡ್ಡಿ ಬರುತ್ತದಲ್ಲ ಎನ್ನಬಹುದು. ಬೆಲೆಗಳೂ ಏರುತ್ತವೆ, ಅಕ್ಕನ ಮದುವೆಯೂ ಬರುತ್ತದೆ.

ಇನ್ನು ತರಬೇತಿಯಲ್ಲಿ ಬೆನ್ನುಮೂಳೆ ಮುರಿದುಕೊಂಡ ಕೆಡೆಟ್‌ಗಳು. ಅಧಿಕಾರಿಯಾಗುವ ಮೊದಲೇ ಬಿದ್ದದ್ದರಿಂದ ಅವರು ಮಾಜಿ ಸೈನಿಕರೂ ಅಲ್ಲ. ಪತ್ರಿಕಾ ವರದಿಯೊಂದನ್ನು ನೋಡಿ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಪೀಠದಲ್ಲಿ ನಮ್ಮವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದ್ದರು. ಅದರ ಬೆನ್ನಿಗೆ ಆ ಕೆಡೆಟ್‌ಗಳಿಗೆ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್ ಅಡಿ ಚಿಕಿತ್ಸೆ ಸಿಗುವಂತಾಯಿತು. ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಹುಡುಗನ ಬೆರಳು ಹೋದರೆ ಮಾಲೀಕ ‘ಅವನಿನ್ನೂ ಕಾಯಂ ಅಲ್ಲ’ ಎಂದು ಕೈ ತೊಳೆದುಕೊಳ್ಳಲು ನಾವು ಬಿಡುತ್ತಿದ್ದೆವೇ?

ಕಡೆಗೆ ದುಡ್ಡಿನ ಮಾತು. 2025-26ರ ಬಜೆಟ್ಟಿನಲ್ಲಿ ರಕ್ಷಣಾ ಪಿಂಚಣಿಗಳಿಗೆಲ್ಲ ಸೇರಿ ಸುಮಾರು 1.6 ಲಕ್ಷ ಕೋಟಿ ರೂಪಾಯಿ ಇಟ್ಟಿದ್ದರು. ಇಷ್ಟು ದೊಡ್ಡ ಮೊತ್ತ ಎದುರಿಗಿದ್ದಾಗ ಉಳಿತಾಯ ಹುಡುಕುವುದು ತಪ್ಪಲ್ಲ. ಹುಡುಕುವುದಾದರೆ ಸಂಬಳದ ಶೇಕಡಾವಾರಿನಲ್ಲಿ ಹುಡುಕಲಿ, ಮುನ್ನೂರು ಮೇಲ್ಮನವಿಗಳ ವಕೀಲರ ಶುಲ್ಕದಲ್ಲಿ ಹುಡುಕಲಿ. ಅದಕ್ಕಿಂತ ಮೊದಲು ಖರ್ಚೇ ಇಲ್ಲದ ಒಂದು ಕೆಲಸ ಇದೆ. ಬಿಡುಗಡೆಯ ಬೋರ್ಡು ಕೂರುವ ಆರು ತಿಂಗಳು ಮೊದಲು ಸೈನಿಕನ ವೈದ್ಯಕೀಯ ಕಡತದ ಪೂರ್ತಿ ಪ್ರತಿಯನ್ನು ಅವನ ಕೈಗೆ ಕೊಡುವುದು: ಸೇರಿದ ದಿನದ ತಪಾಸಣೆಯಿಂದ ಹಿಡಿದು, ಯಾವ ಪೋಸ್ಟಿನಲ್ಲಿ ಎಷ್ಟು ದಿನ ಇದ್ದ, ಅಲ್ಲಿ ಬಿಪಿ ನೋಡಿದರೋ ಇಲ್ಲವೋ ಎಂಬುದರವರೆಗೆ. ಬೋರ್ಡಿನ ಕಾರಣದ ಅಂಕಣವನ್ನು ಒಂದು ಸಾಲಿನಿಂದ ಒಂದು ಪುಟಕ್ಕೆ ಹಿಗ್ಗಿಸಲಿ, ಕೆಳಗೆ ಮೂವರು ವೈದ್ಯರೂ ಹೆಸರು ಬರೆದು ಸಹಿ ಹಾಕಲಿ. ಆಮೇಲೆ ನಮ್ಮ ಬ್ಯಾಂಕ್ ಮ್ಯಾನೇಜರರೂ ಸುಬೇದಾರರೂ ಆ ಪುಟ ಓದಿ, ಈ ಹವಾಲ್ದಾರನ ಬಿಪಿ ಸೈನ್ಯದ್ದಲ್ಲ ಎಂದರೆ ನಾನು ಅವರ ಜೊತೆ ವಾದಕ್ಕೆ ಕೂರುವುದಿಲ್ಲ.